ಓದದೆ ಬಿಟ್ಟ ಒಂದು ಸಾಲು

ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ತಿರುವಿದವಳು ನಾನು. ನಿವೃತ್ತಿಯಾದ ಮೇಲೂ ಜಯನಗರದ ನಮ್ಮ ಬೀದಿಯಲ್ಲಿ ಇಂಗ್ಲಿಷ್ ಕಾಗದ ಯಾರಿಗೆ ಬಂದರೂ ಹಿಡಿದುಕೊಂಡು ನನ್ನ ಬಳಿಗೇ ಬರುತ್ತಿದ್ದರು. ಓದಿ ಹೇಳುತ್ತಿದ್ದೆ, ಕಾಫಿಯನ್ನೂ ಕೊಡುತ್ತಿದ್ದೆ. ಅದರಲ್ಲಿ ನನಗೊಂದು ಸಣ್ಣ ಜಂಬವಿತ್ತು, ಇಲ್ಲವೆನ್ನುವುದಿಲ್ಲ.

ಮಂಡಿ ನೋವಿನಿಂದ ಕ್ಲಚ್ ಒತ್ತಲಾಗದೆ ನನ್ನ ಕಾರು ಶೆಡ್ಡಿನಲ್ಲೇ ನಿಂತಿದ್ದ ಕಾಲದಲ್ಲಿ ಒಬ್ಬ ಆಕ್ಟಿಂಗ್ ಡ್ರೈವರ್ ಸಿಕ್ಕಿದ. ಆಕ್ಟಿಂಗ್ ಅಂದರೆ ಖಾಯಂ ಅಲ್ಲ, ಕರೆದ ದಿನ ಬಂದು ಓಡಿಸಿ ಹೋಗುವವನು. ವಿಜಯಪುರದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಮೂವರ ಜೊತೆ ರೂಮು ಮಾಡಿಕೊಂಡಿದ್ದ. ಅದಕ್ಕೆ ಮುಂಚೆ ಬಂದವರನ್ನೂ ಕಂಡಿದ್ದೆ. ಒಬ್ಬನಂತೂ ಬ್ರೇಕು ಇರುವುದೇ ನನ್ನ ಹಣೆಯನ್ನು ಮುಂದಿನ ಸೀಟಿಗೆ ಕುಟ್ಟಿಸಲು ಎಂದು ತಿಳಿದಿದ್ದ. ಇವನು ಹಾಗಲ್ಲ. ರಸ್ತೆಯ ಉಬ್ಬನ್ನು, ಮಲಗಿದ ಮಗುವಿನ ತೊಟ್ಟಿಲು ಸರಿಸಿದ ಹಾಗೆ ದಾಟಿಸುತ್ತಿದ್ದ. ಪ್ರತಿ ಭಾನುವಾರ ಸುಬ್ರಹ್ಮಣ್ಯಪುರದ ನಮ್ಮಕ್ಕನ ಮನೆಗೆ ಹೋಗುವುದು, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಸತ್ತವರು ಇದ್ದವರು ಎಲ್ಲರನ್ನೂ ಆಡಿಕೊಳ್ಳುವುದು, ಬರುವಾಗ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಹತ್ತು ನಿಮಿಷ ನಿಲ್ಲುವುದು. ನನ್ನ ವಾರವೆಂದರೆ ಅಷ್ಟೇ. ಉಳಿದ ಆರು ದಿನ ಅದಕ್ಕಾಗಿ ಕಾಯುವುದು.

ಎರಡು ವರ್ಷ ಹೀಗೆ ನಡೆದ ಮೇಲೆ ಅವನಿಗೆ ಹೆವಿ ಲೈಸೆನ್ಸ್ ಬಂತು. ಲಾರಿ ಓಡಿಸಬೇಕೆಂಬುದು ಅವನ ಬಹುದಿನದ ಆಸೆ. ಎರಡು ಕಡೆಯಿಂದ ಕರೆಯೂ ಬಂತು. ಒಂದು, ಅವನ ಸೀಮೆಯವರೇ ಒಬ್ಬ ಮಾಲೀಕರದು. ಮೂರೇ ಲಾರಿ, ಬೆಂಗಳೂರು–ವಿಜಯಪುರ ಲೈನು. ಕಾಗದಪತ್ರ ಏನೂ ಇಲ್ಲ. ‘ಬಾ ತಮ್ಮಾ’ ಅಂದಿದ್ದರಂತೆ. ಆ ಲಾರಿ ವಾರಕ್ಕೆರಡು ಸಲ ಅವನ ಹಳ್ಳಿಯ ಪಕ್ಕದ ಹೆದ್ದಾರಿಯಲ್ಲೇ ಹಾದುಹೋಗುತ್ತಿತ್ತು. ಹಳ್ಳಿಯಲ್ಲಿ ಅವನ ಹೆಂಡತಿ, ಏಳು ತಿಂಗಳ ಚೊಚ್ಚಲ ಬಸುರಿ. ಇನ್ನೊಂದು, ಅಂಜನಾಪುರದ ಆಚೆ ಯಾರ್ಡ್ ಇಟ್ಟುಕೊಂಡು ಕಟ್ಟಡದ ಸಾಮಾನು ಸಾಗಿಸುವ ದೊಡ್ಡ ಕಂಪನಿ. ಊರೊಳಗಿನ ಓಡಾಟ ಮಾತ್ರ, ಯೂನಿಫಾರ್ಮು, ಭಾನುವಾರ ರಜೆ, ಮೂರು ಪುಟದ ಇಂಗ್ಲಿಷ್ ಲೆಟರ್. ಆ ಲೆಟರನ್ನು ನನ್ನ ಕೈಗೆ ಕೊಟ್ಟು ನೆಲದ ಮೇಲೆ ಕುಳಿತ. ಕುರ್ಚಿ ತೋರಿಸಿದರೂ ಏಳಲಿಲ್ಲ.

‘ಯಾವದಕ್ಕ ಸೇರ್ಲಿರಿ ಅಮ್ಮಾರ? ನೀವು ಹೇಳಿದಂಗ ಮಾಡ್ತೀನಿ. ಹೆರಿಗಿಗೆ ಒಂದ್ ವಾರ ಊರಿಗೆ ಬಿಟ್ರ ಸಾಕ್ರಿ, ಮತ್ತೇನ್ ಬ್ಯಾಡ.’

ಓದುತ್ತ ಹೋದೆ, ಕನ್ನಡದಲ್ಲಿ ಹೇಳುತ್ತ ಹೋದೆ. ಎರಡನೆಯ ಪುಟದ ನಡುವೆ ಒಂದು ಸಾಲು: ಮೊದಲ ಆರು ತಿಂಗಳು ವಾರದ ರಜೆ ಬಿಟ್ಟು ಬೇರೆ ಯಾವ ರಜೆಯೂ ಇಲ್ಲ. ಕಣ್ಣು ಆ ಸಾಲಿನ ಮೇಲೆ ನಿಂತಿತು. ಬಾಯಿ ಕೆಳಗಿನ ಸಾಲಿಗೆ ಇಳಿಯಿತು.

ಲೈನ್ ಲಾರಿ ಹತ್ತಿದವನಿಗೆ ಭಾನುವಾರ ಸೋಮವಾರ ಎಂಬುದಿರುವುದಿಲ್ಲ. ನನ್ನ ತಲೆಯಲ್ಲಿ ಆಗ ಇದ್ದದ್ದು ಅದೊಂದೇ. ‘ನೋಡಪ್ಪ, ಪಿಎಫ್ ಇದೆ, ಇಎಸ್‌ಐ ಇದೆ, ಭಾನುವಾರ ರಜಾ ಇದೆ. ಬಾಯಿಮಾತಿನ ಕೆಲಸ ನಂಬ್ಕೊಂಡು ಹೋಗ್ಬೇಡ’ ಎಂದೆ. ಅವನು ಲೆಟರನ್ನು ಕಣ್ಣಿಗೊತ್ತಿಕೊಂಡ. ಸುಳ್ಳು ಹೇಳಿದವರಿಗೆ ಬಾಯಿ ಹುಳಿಯಾಗುತ್ತೆ, ನಿಜ ನುಂಗಿದವರಿಗೆ ಹೊಟ್ಟೆ ಹುಳಿಯಾಗುತ್ತೆ ಅನ್ನುತ್ತಿದ್ದಳು ನಮ್ಮಜ್ಜಿ. ನನಗೆ ಅವತ್ತು ಏನೂ ಆಗಲಿಲ್ಲ. ಚೆನ್ನಾಗಿ ಊಟ ಮಾಡಿ ನಿದ್ದೆ ಮಾಡಿದೆ.

ಅವನು ಕಂಪನಿಗೆ ಸೇರಿದ; ರಜೆಯ ದಿನ ನನ್ನ ಕಾರು ಓಡಿಸುತ್ತಿದ್ದ, ಭಾನುವಾರಗಳು ಎಂದಿನಂತೆ ನಡೆದವು. ಎರಡು ತಿಂಗಳ ಮೇಲೆ ಒಂದು ಬುಧವಾರ ಅವನ ಹೆಂಡತಿಗೆ ನೋವು ಕಾಣಿಸಿಕೊಂಡಿತು. ಇವನು ರಜೆ ಕೇಳಿದ, ಕೊಡಲಿಲ್ಲ. ಒಂದೇ ದಿನದ ರಜೆಯಲ್ಲಿ ಅಷ್ಟು ದೂರ ಹೋಗಿಬರಲಾಗದೆ, ಮುಂದಿನ ಭಾನುವಾರ ನಮ್ಮ ಗೇಟಿನ ಬಳಿ ನಿಂತು ಫೋನಿನಲ್ಲಿ ಮಗಳನ್ನು ತೋರಿಸಿದ. ಕೂಸು ಬಿಳಿ ಬಟ್ಟೆಯಲ್ಲಿ ಮುಷ್ಟಿ ಬಿಗಿದು ಮಲಗಿತ್ತು. ಹೆರಿಗೆ ಕಷ್ಟವಾಯಿತಂತೆ, ಹೆರಿಗೆ ಕೋಣೆಗೆ ಕರೆದುಕೊಂಡು ಹೋಗುವವರೆಗೂ ಹೆಂಡತಿ ಇವನು ಬಂದನೇ ಎಂದೇ ಕೇಳುತ್ತಿದ್ದಳಂತೆ. ಆಮೇಲೆ ಕೇಳಿದ:

‘ರಜಾ ಇಲ್ಲಂತ ಲೆಟರ್‌ನ್ಯಾಗ ಬರದೈತಿ ಅಂತಾನ ಸೂಪರ್‌ವೈಸರ್. ಹೌದೇನ್ರಿ?’

ಒಳಗೆ ಹೋಗಿ ಕನ್ನಡಕ ತಂದು, ಅವನು ಜೇಬಿನಿಂದ ತೆಗೆದುಕೊಟ್ಟ ಲೆಟರನ್ನು ಹತ್ತಿರ ದೂರ ಹಿಡಿದು ನೋಡಿದ ಹಾಗೆ ಮಾಡಿದೆ. ‘ಅಯ್ಯೋ, ಹೌದಲ್ಲಪ್ಪ. ಸಣ್ಣ ಅಕ್ಷರ, ಕಂಡೇ ಇಲ್ಲ ನಂಗೆ.’

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ‘ವಯಸ್ಸಾತಲ್ರಿ, ನಿಮ್ಮದೇನ್ ತಪ್ಪು’ ಎಂದು ನನ್ನನ್ನೇ ಸಮಾಧಾನ ಮಾಡಿ, ಮೊದಲು ಕಣ್ಣು ತೋರಿಸೋಣ ನಡೆಯಿರಿ ಎಂದು ಕಾರು ಹೊರಡಿಸಿದ. ನಾಲ್ಕನೇ ಬ್ಲಾಕಿನ ಕನ್ನಡಕದಂಗಡಿಯಲ್ಲಿ ಕೂರಿಸಿ ಅಕ್ಷರದ ಬೋರ್ಡು ತೋರಿಸಿದರು, ಕೈಗೆ ಸಣ್ಣಚ್ಚಿನ ಕಾರ್ಡು ಕೊಟ್ಟರು. ತಪ್ಪು ಓದೋಣ ಎಂದುಕೊಂಡೆ. ಅಷ್ಟರಲ್ಲಿ, ಅಮ್ಮಾರಿಗೆ ಹಗುರಾದ ಫ್ರೇಮ್ ಕೊಡಿ, ಮೂಗಿನ ಮೇಲೆ ಗುರುತು ಬೀಳ್ತದೆ ಎಂದು ಅವನು ಕೌಂಟರಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. ಕೊನೆಯ ಸಾಲಿನವರೆಗೂ ಓದಿಬಿಟ್ಟೆ.

ಅಂಗಡಿಯವರು ಅವನ ಎದುರಿಗೇ ಹೇಳಿದರು: ‘ಹಳೇ ನಂಬರೇ ಸರಿಯಾಗಿದೆ ಮೇಡಂ. ಎಲ್ಲಕ್ಕಿಂತ ಸಣ್ಣ ಪ್ರಿಂಟೂ ಓದ್ತಿದೀರ. ಹೊಸದು ಯಾಕೆ?’

ಕಾರಿನಲ್ಲಿ ಕುಳಿತ ಮೇಲೆ ಅವನು ಕೀ ತಿರುಗಿಸಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಲೂ ಇಲ್ಲ.

‘ಆವತ್ತೇ ಕಂಡಿತ್ತು ಕಣಪ್ಪ’ ಎಂದೆ. ‘ಓದ್ಲಿಲ್ಲ. ಭಾನುವಾರಕ್ಕೆ ನೀನು ಬೇಕಾಗಿದ್ದೆ ನಂಗೆ.’

ಅವನು ಕೀ ತಿರುಗಿಸಿ ಕಾರು ಹೊರಡಿಸಿದ. ಆಮೇಲೆ, ಆ ಲೈನ್ ಲಾರಿಯ ಜಾಗ ಖಾಲಿ ಇದೆಯೋ ಇಲ್ಲವೋ ಕೇಳಿ ನೋಡುತ್ತೇನೆ, ಕಂಪನಿ ಕೆಲಸ ಬಿಡುವ ಅರ್ಜಿ ಇವತ್ತೇ ಬರೆದುಕೊಡಿ ಎಂದ. ಮನೆಗೆ ಬಂದು, ಕಚೇರಿಯಲ್ಲೂ ಅಷ್ಟು ಮುತುವರ್ಜಿಯಿಂದ ಬರೆದಿರದ ಒಂದು ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಒಂದೊಂದು ಸಾಲಿಗೂ ಕನ್ನಡ ಹೇಳಿದೆ. ಎರಡೆರಡು ಸಲ ಹೇಳಿದೆ. ಅವನು ತಲೆಯಾಡಿಸಿದ, ಸಹಿ ಹಾಕಲಿಲ್ಲ.

ಪ್ರತಿ ತೆಗೆಸಲು ಮೇನ್ ರೋಡಿನ ಜೆರಾಕ್ಸ್ ಅಂಗಡಿಗೆ ಹೋದೆವು. ಅವನು ಹಾಳೆಯನ್ನು ಅಂಗಡಿಯ ಹೆಂಗಸಿನ ಮುಂದಿಟ್ಟು, ಇದರಲ್ಲಿ ಏನು ಬರೆದಿದೆ, ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿಕೊಂಡ. ಆಕೆ ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ನಾನು ಓದಮ್ಮ ಎಂದೆ. ಬೆರಳಿಟ್ಟುಕೊಂಡು ತಡವರಿಸುತ್ತ ಓದತೊಡಗಿದಳು. ಅವನ ಕಣ್ಣು ಆ ಬೆರಳಿನ ಮೇಲೇ ಇತ್ತು. ಮೂರನೆಯ ಸಾಲಿನಲ್ಲಿ ಒಂದು ಪದ ತಿಳಿಯದೆ ಆಕೆ ಮತ್ತೆ ನನ್ನತ್ತ ತಿರುಗಿದಳು. ಹೇಳಲು ಬಾಯಿ ತೆರೆದೆ.

‘ತಡೀರಿ’ ಎಂದ ಅವನು, ಮೆತ್ತಗೆ. ‘ಅವರು ಫೋನಿನ್ಯಾಗ ನೋಡಿ ಹೇಳ್ಲಿ.’