ಎಡಗೈಯ ಅಳತೆ

ನಮ್ಮ ಬಳಗದಲ್ಲಿ ನಿಶ್ಚಿತಾರ್ಥದ ದಿನ ಹೆಣ್ಣಿನ ಸೋದರಮಾವ ಗಂಡಿನ ಎಡಗೈಗೆ ವಾಚು ಕಟ್ಟಬೇಕು; ಆಮೇಲೆ ಸಕ್ಕರೆ ಹಂಚಿದರೆ ಸಂಬಂಧ ಗಟ್ಟಿ. ವಾಚು ತರುವವರು ಹೆಣ್ಣಿನವರೇ. ಆದರೆ ಗಂಡಿನ ಕೈಯ ಅಳತೆ ಮಾತ್ರ ಕೇಳುವ ಹಾಗಿಲ್ಲ. ಉಂಗುರಕ್ಕೆ ಹಳೆಯ ಉಂಗುರ ಕಳಿಸುತ್ತಾರೆ, ಅಂಗಿಗೆ ಹಳೆಯ ಅಂಗಿ ಕಳಿಸುತ್ತಾರೆ. ಮಣಿಕಟ್ಟಿನ ಅಳತೆ ಕೇಳಿದರೆ ಬೀಗರಿಗೆ ಸಿಟ್ಟು. ಯಾಕೆ ಅಂತ ಅಪ್ಪನನ್ನು ಕೇಳಿದ್ದಕ್ಕೆ, "ಕೈ ಅಳತಿ ತಗೊಳ್ಳಾಕ ನಾವೇನು ಪೊಲೀಸರೇನವ್ವಾ, ಬೇಡಿ ಹಾಕಾಕ?" ಅಂದರು. ಈ ಬುದ್ಧಿವಂತಿಕೆಯ ಫಲವಾಗಿ ನಮ್ಮ ಅಳಿಯಂದಿರಲ್ಲಿ ಅರ್ಧ ಜನರ ವಾಚು ಕೈ ಎತ್ತಿದರೆ ಮೊಣಕೈಗೆ ಜಾರುತ್ತದೆ. ಉಳಿದವರದು ತಿಜೋರಿಯಲ್ಲಿದೆ.

ನನ್ನ ಸರದಿ ಬಂದಾಗ ನನಗೆ ನಗು ಬರಲಿಲ್ಲ, ಹೆದರಿಕೆ ಬಂತು. ಏಕೆಂದರೆ ಆ ಎಡಗೈಯನ್ನು ನಾನು ನೋಡಿಬಿಟ್ಟಿದ್ದೆ.

ಲಿಂಗಸುಗೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಹುಡುಗ ನನ್ನನ್ನು ನೋಡಲು ಮಸ್ಕಿಗೆ ಬಂದದ್ದು ಬೇಸಿಗೆಯಲ್ಲಿ. ಬಂದ ಗಂಡಸರೆಲ್ಲ ಅಂಗಿಯ ಗುಂಡಿ ಬಿಚ್ಚಿ ಟವೆಲ್ ಬೀಸಿಕೊಳ್ಳುತ್ತಿದ್ದರೆ ಇವನೊಬ್ಬ ತುಂಬುತೋಳಿನ ಅಂಗಿಯ ತೋಳಗುಂಡಿ ಹಾಕಿಕೊಂಡು ಬೆವರುತ್ತ ಕೂತಿದ್ದ. ಅವನ ಕಡೆಯ ಹೆಂಗಸರು ನನಗೆ ನಡೆ ಅಂದರು, ಓದು ಅಂದರು, ಜಡೆ ಹಿಡಿದು ನೋಡಿದರು. ಹಲ್ಲು ಕಚ್ಚಿ ನಿಂತಿದ್ದೆ. ಆಗ ಅವನು, "ಸಾಕು ಮಾಡ್ರಿ. ಅವರು ಕುಂದರ್ಲಿ," ಅಂದು ತಾನೇ ಎದ್ದು ನನಗೊಂದು ಕುರ್ಚಿ ಎಳೆದ. ಎಳೆಯುವಾಗ ಅಂಗಿಯ ಎಡತೋಳು ಮೇಲೆ ಸರಿಯಿತು. ಮಣಿಕಟ್ಟು ನನ್ನದರಷ್ಟೇ ಸಣ್ಣಗಿತ್ತು, ಸ್ವಲ್ಪ ಸೊಟ್ಟಗೂ ಇತ್ತು. ಅವನು ತಟ್ಟನೆ ತೋಳು ಎಳೆದುಕೊಂಡ. ಬೇರೆ ಯಾರೂ ನೋಡಲಿಲ್ಲ.

ನಾನು ಅವನನ್ನು ಒಪ್ಪಿದ್ದು ಆ ಕುರ್ಚಿಗೆ. ಕೈ ಹೇಗಾದರೂ ಇರಲಿ. ಆದರೆ ನನ್ನ ಸೋದರಮಾವ, ಅಂದರೆ ಅವ್ವನ ತಮ್ಮ, ಹುಳುಕು ಹುಡುಕುವುದರಲ್ಲಿ ಎತ್ತಿದ ಕೈ. ಹಿಂದಿನ ಸಂಬಂಧವನ್ನು ಹುಡುಗ ಸ್ವಲ್ಪ ತೊದಲುತ್ತಾನೆ ಅಂತ ಚಹಾ ಆರುವುದರೊಳಗೆ ಮುರಿದು ಎದ್ದಿದ್ದ. ಈಗ ವಾಚು ಕಟ್ಟಲು ಕೈ ಹಿಡಿಯುವವನೂ ಅವನೇ. ದೊಡ್ಡ ವಾಚು ತಂದು ಅದು ಬಳೆಯ ಹಾಗೆ ತಿರುಗಿದರೆ ಇಡೀ ಮನೆಯ ಕಣ್ಣು ಆ ಕೈ ಮೇಲೆ. ಅಪ್ಪನಿಗೆ ಹೇಳೋಣವೆಂದರೆ ಅಪ್ಪ ಅವ್ವನಿಗೆ ಹೇಳುತ್ತಾರೆ, ಅವ್ವ ತಮ್ಮನಿಗೆ ಹೇಳುತ್ತಾಳೆ. ಬಾಯಿ ಮುಚ್ಚಿಕೊಂಡೆ.

ಅಪ್ಪ ವಾಚು ತರಲು ಸಿಂಧನೂರಿಗೆ ಹೊರಟಾಗ ನಾನೂ ಬರುತ್ತೇನೆಂದು ಹಟ ಹಿಡಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಅಪ್ಪ ಕೂತವರೇ ಬಂಗಾರದ ಬಣ್ಣದ, ಅಗಲ ಚೈನಿನ, ಬಿಸ್ಕತ್ತಿನಷ್ಟು ದೊಡ್ಡ ವಾಚು ತೆಗೆಸಿ ತಮ್ಮ ಕೈಗೆ ಹಾಕಿಕೊಂಡರು. ಕಿರಾಣಿ ಅಂಗಡಿಯಲ್ಲಿ ಜೀವನವೆಲ್ಲ ಚೀಲ ಎತ್ತಿದ ಕೈ ಅದು. ಅದರ ಮೇಲೆ ಎಂಥ ವಾಚಾದರೂ ಸರಿಯಾಗೇ ಕೂರುತ್ತದೆ.

"ನೋಡು, ಬರೋಬ್ಬರಿ ಐತಿ," ಅಂದರು.

ನಾನು ಬಳೆ ತೆಗೆದು ಪಕ್ಕಕ್ಕಿಟ್ಟು ಎಡಗೈ ಚಾಚಿದೆ. "ನನ್ನ ಕೈಗೆ ಹಾಕಿ ತೋರಿಸ್ರಿ."

ಅಂಗಡಿಯವನು ನಕ್ಕ. "ಇದು ಗಂಡಸರದು ಬೇ ತಂಗಿ." ಆದರೂ ಹಾಕಿದ. ವಾಚಿನ ಮೇಲಿನ ತುದಿ, ಕೆಳಗಿನ ತುದಿ ಎರಡೂ ನನ್ನ ಕೈಯ ಅಂಚು ದಾಟಿ ಹೊರಗೆ ನಿಂತವು. "ಹಿಂಗ ಹೊರಗ ಬಂದ್ರ ಕೈ ಇನ್ನೂ ಸಣ್ಣ ಕಾಣತೈತಿ," ಅಂದ ಅವನು, ಯಾವುದೋ ಸಾಮಾನ್ಯ ಮಾತಿನಂತೆ. ಚೈನಿನ ಕೊಂಡಿ ತೆಗೆದರೆ ಆದೀತೇ ಅಂದೆ. ಅಷ್ಟು ಕೊಂಡಿ ತೆಗೆದರೆ ಕೆಳಗಿನ ಲಾಕು ಒಂದು ಬದಿಗೆ ಸರಿದು ಕೈ ಒತ್ತುತ್ತದೆ ಅಂದ. ಕೊನೆಗೆ ತೆಳುವಾದ, ಸಣ್ಣ ಮುಖದ, ಕಂದು ಚರ್ಮದ ಪಟ್ಟಿಯ ವಾಚು ತೆಗೆಸಿದೆ. ಅದು ಕೈಯ ಚಪ್ಪಟೆ ಭಾಗದೊಳಗೇ ಕೂತಿತು. ಪಟ್ಟಿಯ ಕೊನೆಯ ತೂತಿಗೆ ಹಾಕಿದರೂ ಸಡಿಲವಿತ್ತು.

"ಇನ್ನೆರಡು ತೂತು ಹೊಡೀರಿ," ಅಂದೆ.

ಅಪ್ಪ ಕೆರಳಿದರು. "ಯಾರಿಗೆ ತಗೊಳ್ಳಾಕತ್ತೀಯ ನೀ? ಇಷ್ಟು ಸಣ್ಣ ವಾಚ್ ಒಯ್ದ್ರ ಬೀಗರು ನಗೂದಿಲ್ಲೇನು?"

"ಈಗ ಇದs ಚಾಲ್ತ್ಯಾಗ ಐತಪ್ಪಾ."

"ತೂತೂ ಚಾಲ್ತ್ಯಾಗ ಅದಾವೇನು?"

ನನ್ನ ಕಣ್ಣಲ್ಲಿ ನೀರು ತುಂಬಿದ್ದು ನೋಡಿ ಅಪ್ಪ ಮುಖ ಆ ಕಡೆ ತಿರುಗಿಸಿ, "ಹೊಡೀರಿ ಅತ್ತ," ಅಂದರು. ಮಸ್ಕಿಯ ತನಕ ಬಸ್ಸಿನಲ್ಲಿ ನಾನು ಡಬ್ಬಿ ತೆರೆದು ಆ ತೂತುಗಳನ್ನೇ ನೋಡುತ್ತಿದ್ದೆ. ನಾನು ನೋಡಿದ್ದು ಒಂದೇ ಗಳಿಗೆ. ನನ್ನ ಅಂದಾಜೇ ತಪ್ಪಾಗಿದ್ದರೆ? ಬಿಗಿಯಾದರೂ ಕೆಟ್ಟಿತು, ಸಡಿಲವಾದರೂ ಕೆಟ್ಟಿತು.

ನಿಶ್ಚಿತಾರ್ಥದ ದಿನ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗ ಮತ್ತೆ ತುಂಬುತೋಳಿನ ಅಂಗಿಯಲ್ಲೇ ಬಂದಿದ್ದ. ಮಾವ ವಾಚಿನ ಡಬ್ಬಿ ತೆರೆದಾಗ ಇವನು ಬಲಗೈ ಮುಂದೆ ಚಾಚಿದ.

"ಎಡಗೈ ಕೊಡ್ರಿ," ಅಂದ ಮಾವ.

ಅವನು ತನ್ನ ತಾಯಿಯ ಕಡೆ ನೋಡಿದ. ಆ ಹೆಂಗಸಿನ ಮುಖ ಬಿಳಿಚಿಕೊಂಡಿತ್ತು. ನಿಧಾನವಾಗಿ ಎಡಗೈ ಬಂತು. ಮಾವ ತೋಳಗುಂಡಿ ಬಿಚ್ಚದೆ ತೋಳನ್ನು ಸ್ವಲ್ಪವೇ ಸರಿಸಿ ಪಟ್ಟಿ ಸುತ್ತಿದ. ನಡುವಿನ ತೂತಿಗೆ ಹಾಕಿದ, ಸಡಿಲ. ಮುಂದಿನದಕ್ಕೆ ಹಾಕಿದ, ಸಡಿಲ. ನಾನು ಸೆರಗಿನ ಅಂಚನ್ನು ತಿರುವಿ ತಿರುವಿ ಹಗ್ಗ ಮಾಡಿದ್ದೆ. ಹೊಸದಾಗಿ ಹೊಡೆಸಿದ ತೂತಿಗೆ ಹಾಕಿದಾಗ ವಾಚು ಅಲ್ಲಾಡದೆ ಕೂತಿತು. ಮಾವ ತೋಳು ಕೆಳಗೆಳೆದು, "ಆತು," ಅಂದ. ಏನೂ ನೋಡಿರಲಿಲ್ಲ.

ಹುಡುಗ ಮಾತ್ರ ತೋಳು ಮತ್ತೆ ಸರಿಸಿ ಪಟ್ಟಿಯನ್ನೇ ನೋಡುತ್ತಿದ್ದ. ಆ ಎರಡು ತೂತುಗಳ ಮೇಲೆ ಹೆಬ್ಬೆರಳು ಆಡಿಸಿದ. ತಲೆಯೆತ್ತಿ ನೇರ ನನ್ನನ್ನು ನೋಡಿದ. ನಾನು ಬೇಡ ಅಂತ ತಲೆ ಆಡಿಸುವುದರೊಳಗೆ ಎರಡೂ ತೋಳಗುಂಡಿ ಬಿಚ್ಚಿ, ಕೈಗಳನ್ನು ಜೋಡಿಯಾಗಿ ಎಲ್ಲರ ಮುಂದೆ ಚಾಚಿಬಿಟ್ಟ.

"ಎಡಗೈ ಸಣ್ಣ ಐತ್ರಿ. ಸಣ್ಣಾಂವ ಇದ್ದಾಗ ಬೇವಿನ ಗಿಡದಿಂದ ಬಿದ್ದು ಮುರಕೊಂಡಿದ್ದೆ. ಕೆಲಸಕ್ಕ ಏನೂ ತ್ರಾಸಿಲ್ಲ. ನಮ್ಮವರು ಹೇಳಿಲ್ಲ, ನಾ ಹೇಳಾಕತ್ತೀನಿ."

ನಾನು ಇಷ್ಟೆಲ್ಲ ಕಷ್ಟಪಟ್ಟು ಮುಚ್ಚಿಟ್ಟಿದ್ದನ್ನು ಹೀಗೆ ಬಿಚ್ಚಿಟ್ಟನಲ್ಲ ಅಂತ ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾವ ಎದ್ದೇ ನಿಂತ. ಅಪ್ಪನ ಕಡೆ ತಿರುಗಿದ ಅವನ ಧ್ವನಿ ಏರಿತ್ತು.

"ಏನ್ರಿ ಮಾವಾರ, ಇದು ನಿಮಗ ಗೊತ್ತಿತ್ತೇನು?"

ಅಪ್ಪ ವಾಚನ್ನು ನೋಡಿದರು, ಪಟ್ಟಿಯ ತೂತುಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಸಿಂಧನೂರಿನ ಅಂಗಡಿಯಲ್ಲಿ ನಾನು ಕೊಡದೆ ಉಳಿಸಿದ ಉತ್ತರ ಅವರಿಗೆ ಸಿಕ್ಕಿದ್ದು ನನಗೆ ಕಾಣುತ್ತಿತ್ತು.

"ಗೊತ್ತಿಲ್ಲದs ತಂದೀವೇನೋ?" ಅಂದರು ಅಪ್ಪ ಮಾವನಿಗೆ, ಗದರಿಸುವ ಹಾಗೆ. "ನಮ್ಮ ಹುಡುಗಿ ಅಳತಿ ನೋಡೇ ತಂದಾಳ. ಕುಂದರು. ಸಕ್ಕರಿ ಹಂಚ್ರಿ."