ಹೆಂಗಸರ ಡಬ್ಬಿಯ ಬಾಗಿಲಲ್ಲಿ ಕಾಕು

ಕಾಕುವಿನ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಬಲಗೈಯದೋ ಎಡಗೈಯದೋ ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ಜೋಳ ಹಸನು ಮಾಡುವಾಗ ಹರಳು ಸಿಕ್ಕರೆ ಆ ಸೀಳಿನಲ್ಲೇ ಸಿಕ್ಕಿಸಿ ಎತ್ತಿ ಎಸೆಯುತ್ತಿದ್ದರು. ಅದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ನಡೆದದ್ದೇ ಎಂದು ನಂಬುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಬಿಡುವುದಕ್ಕೆ ಕಾರಣ ಕಾಕುವೇ.

ಅವರು ಮುಂಬಯಿಯ ಚೆಂಬೂರಿನಲ್ಲಿ ನಮ್ಮ ಪಕ್ಕದ ಮನೆಯವರು, ಕಟ್ಟಡದವರಿಗೆಲ್ಲ ಕಾಕು, ಎಂದರೆ ಚಿಕ್ಕಮ್ಮ. ವಿಜಾಪುರದ ಕಡೆಯವರು. ಗಂಡ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತ. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಚೆಂಬೂರಿನಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯೊಂದರ ಪ್ರಯೋಗಾಲಯಕ್ಕೆ ಸೇರಿದ್ದೆ. ಐವತ್ತರ ದಶಕದ ನಡುಭಾಗ. ಜೊತೆಗೆ ಹೆಂಡತಿ, ಮೂರು ವರ್ಷದ ಮಗ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಹೆಂಡತಿಗೆ ಮರಾಠಿ ಬರದು, ಹಿಂದಿಯೂ ಬರದು. ಮೊದಲ ತಿಂಗಳು ಅವಳು ಮಾತಾಡಿದ್ದು ನನ್ನೊಡನೆ, ಮಗನೊಡನೆ, ಮತ್ತೆ ತಾಯಿಗೆ ಬರೆದ ಕಾಗದಗಳಲ್ಲಿ. ಪ್ರತಿ ಕಾಗದದಲ್ಲೂ ವಾಪಸು ಬರುವ ಮಾತು. ಅವನ್ನು ಅಂಚೆಗೆ ಹಾಕಿ ಬರುತ್ತಿದ್ದವನು ನಾನೇ.

ಒಂದು ಮಧ್ಯಾಹ್ನ ಕಾಕು ಯಾರನ್ನೂ ಕೇಳದೆ ಒಳಗೆ ಬಂದು, ಮಗನನ್ನು ಸೊಂಟಕ್ಕೇರಿಸಿಕೊಂಡು, ಹೆಂಡತಿಯನ್ನು ಐದಾರು ಮನೆಗಳ ಬಾಗಿಲಿಗೆ ಕರೆದೊಯ್ದರಂತೆ. ಮರಾಠಿಯವರ ಮನೆಯಲ್ಲಿ ಮರಾಠಿಯಲ್ಲಿ, ನಮ್ಮವರ ಮನೆಯಲ್ಲಿ ಕನ್ನಡದಲ್ಲಿ, ಎಲ್ಲ ಕಡೆಯೂ ಒಂದೇ ಪರಿಚಯ: "ಇಕಿ ನಮ್ಮ ಮೈಸೂರವ್ವ. ರೊಟ್ಟಿ ಬಡಿಯಾಕ ಬರೂದಿಲ್ಲ, ಬರೇ ಮುದ್ದಿ ನುಂಗತಾಳ. ಬೈಬ್ಯಾಡ್ರಿ, ಕಲಿಸ್ರಿ."

"ಅಯ್ಯೋ, ನಾನು ಮುದ್ದೆ ತಿನ್ನೋದೇ ಇಲ್ಲ ಕಾಕು!"

"ಹೌದೇನ? ಅದಕ್ಕ ಹಿಂಗ ಒಣಗೀದಿ."

ಆ ದಿನ ಸಂಜೆ ಹೆಂಡತಿ ಇದನ್ನು ಹೇಳಿ ನಕ್ಕಳು. ಮುಂಬಯಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎಂದು ನನ್ನ ಎಣಿಕೆ.

ನೀರಿಗೋ ರೇಷನ್ನಿಗೋ ಹೋಗುವ ತಾಯಂದಿರು ಮಕ್ಕಳನ್ನು ಕಾಕುವಿನ ಹೊಸ್ತಿಲಲ್ಲಿ ಬಿಟ್ಟು ಹೋಗುವುದು ನಮ್ಮ ಕಟ್ಟಡದ ವಾಡಿಕೆ. ಕಾಕುವಿಗೆ ಸ್ವಂತ ಮಕ್ಕಳಿರಲಿಲ್ಲ. ಆ ಹೊಸ್ತಿಲೇ ಅವರ ಮಾನ, ಅವರ ಸಂಸಾರ. ನನ್ನ ಮಗನನ್ನು ಅವರು ಕರೆಯುತ್ತಿದ್ದದ್ದು 'ಸಾಹೇಬ' ಎಂದು. ನನ್ನನ್ನು ಮಾತ್ರ ಚುಚ್ಚದೆ ಬಿಡುತ್ತಿರಲಿಲ್ಲ. ಹಾಲಿನಲ್ಲಿ ನೀರೆಷ್ಟಿದೆ ಎಂದು ನಾನೊಮ್ಮೆ ಪ್ರಯೋಗಾಲಯದ ಕೊಳವೆ ತಂದು ನೋಡುತ್ತಿದ್ದಾಗ, ಬಾಗಿಲಲ್ಲಿ ನಿಂತು ಕೇಳಿದರು: "ಏನಪಾ ತಮ್ಮಾ, ಇಕೀನ್ನ ಮದಿವ್ಯಾಗೂ ಮುಂದ ಹಿಂಗ ಪರೀಕ್ಷಾ ಮಾಡಿದ್ದೇನ?"

ಭಾನುವಾರಗಳಲ್ಲಿ ನಾವು ಮೂವರೂ ಕಾಕುವಿನ ಜೊತೆ ದಾದರಿಗೆ ಹೋಗುತ್ತಿದ್ದೆವು. ತರಕಾರಿ, ಕಾಫಿಪುಡಿ, ಒಂದಷ್ಟು ತಿರುಗಾಟ. ಲೋಕಲ್ಲಿನಲ್ಲಿ ಅವರಿಬ್ಬರೂ ಹೆಂಗಸರ ಡಬ್ಬಿಗೆ, ನಾನು ಗಂಡಸರ ಡಬ್ಬಿಗೆ. ಬರುವಾಗ ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ನಾನು ಮಗನನ್ನು ಎತ್ತಿ, ಹೆಂಗಸರ ಡಬ್ಬಿಯ ಬಾಗಿಲಲ್ಲಿ ನಿಂತ ಕಾಕುವಿನ ಕೈಗೆ ಕೊಟ್ಟು, ಓಡಿ ನನ್ನ ಡಬ್ಬಿ ಹಿಡಿಯುತ್ತಿದ್ದೆ. ಪ್ರತಿಸಲವೂ ಹೀಗೆಯೇ.

ಒಂದು ಭಾನುವಾರ ಚೆಂಬೂರಿನಲ್ಲಿ ಇಳಿದಾಗ ನನ್ನ ಎರಡು ಕೈಯಲ್ಲೂ ಚೀಲಗಳಿದ್ದವು. ಅತ್ತಲಿಂದ ಕಾಕುವೂ ಹೆಂಡತಿಯೂ ಇಳಿದು ಬಂದರು. ಗಾಡಿ ಹೊರಟಿತು. ಹೆಂಡತಿ ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದಳು.

"ಮಗು ಎಲ್ಲಿ?"

"ನಿನ್ನ ಹತ್ರ ಅಲ್ವಾ?"

"ನಾನು ಒಳಗಡೆ ಸೀಟಲ್ಲಿ ಕೂತಿದ್ದೆ. ಕಾಣಿಸ್ಲಿಲ್ಲ, ನಿಮ್ಮ ಜೊತೆ ಇದ್ದಾನೆ ಅಂದ್ಕೊಂಡೆ."

ನಾನು ಕಾಕುವಿನ ಕಡೆ ತಿರುಗಿದೆ. "ಕುರ್ಲಾದಲ್ಲಿ ನಿಮ್ಮ ಕೈಗೆ ಕೊಟ್ಟೆನಲ್ಲ ಕಾಕು?"

ಕಾಕು ನನ್ನ ಮುಖ ನೋಡಿದರು. ಆಮೇಲೆ ಅವಳ ಮುಖ ನೋಡಿದರು.

"ಹೌದಪಾ, ಕೊಟ್ಟಿ. ಬಾಗಲಾ ಬಾಜೂಕ ಕೂಡ್ಸಿದ್ದೆ. ಇಳಿಯೂ ಗದ್ದಲದಾಗ ನಾನ ಮರತೆ."

ಹೆಂಡತಿ ಗಾಡಿ ಹೋದ ಕಡೆಗೆ ಮಗನನ್ನು ಕೂಗಿದಳು. ನಾನು ಚೀಲ ಬಿಸಾಡಿ ಹಳಿಯ ಕಡೆ ಓಡಿದೆ. ಕಾಕು ತೋಳು ಹಿಡಿದು ಎಳೆದರು. "ನೀ ಓಡಿದ್ರ ಗಾಡಿ ನಿಂದರತೈತೇನ? ಅದು ಮಾನಖುರ್ದದ ತನಕ ಹೋಗಿ ಹೊಳ್ಳಿ ಬರತೈತಿ. ಆ ಕಡಿ ಪ್ಲಾಟ್‌ಫಾರ್ಮಿಗೆ ನಡಿ. ಸುಮ್ನ ನಿಂದರು."

ಸ್ಟೇಷನ್ ಮಾಸ್ತರರ ಕೋಣೆಗೆ ಹೋದವರೂ ಕಾಕುವೇ. ನಾನು ಬಾಯಿ ತೆರೆದರೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅವರು ಮರಾಠಿಯಲ್ಲಿ ಹೇಳಿದರು, ಮಾಸ್ತರರು ಫೋನ್ ತಿರುಗಿಸಿದರು. ನಾವು ಆಚೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತೆವು. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ನಿಂತಿರುವುದೊಂದನ್ನು ಬಿಟ್ಟು ಮನುಷ್ಯ ಮಾಡಬಹುದಾದದ್ದು ಏನೂ ಇರಲಿಲ್ಲ. ಹೆಂಡತಿ ಒಂದೇ ಮಾತನ್ನು ಹೇಳುತ್ತಿದ್ದಳು: "ಮಗು ಸಿಗ್ಲಿ, ನಾಳೇನೇ ಊರಿಗೆ ಹೋಗ್ತೀನಿ. ಮಗು ಸಿಗ್ಲಿ, ನಾಳೇನೇ ಹೋಗ್ತೀನಿ."

ಮಾಸ್ತರರು ಹೊರಗೆ ಬಂದು ಕಾಕುವಿಗೆ ಮರಾಠಿಯಲ್ಲಿ ಏನೋ ಹೇಳಿದರು. ಎರಡು ಮೂರು ವಾಕ್ಯವಾದರೂ ಇತ್ತು. ಕಾಕು ನಮಗೆ ದಾಟಿಸಿದ್ದು ಇಷ್ಟೇ: "ಸಿಕ್ಕಾನ. ಬರಾಕತ್ತಾನ, ಸಾಹೇಬ."

ಗಾಡಿ ಬಂತು. ಗಾರ್ಡು ಕೊನೆಯ ಡಬ್ಬಿಯಿಂದ ಮಗನನ್ನು ಇಳಿಸಿದ. ಕೈಯಲ್ಲಿ ಬಿಸ್ಕತ್ತು, ಕಣ್ಣಲ್ಲಿ ಹನಿ ನೀರಿಲ್ಲ. "ಅಮ್ಮ, ಗಾಡಿ ಹಿಂದಕ್ಕೂ ಹೋಗುತ್ತೆ!" ಎಂದು ಕೂಗಿದ. ಕಾಕು ಎರಡೂ ಕೈ ಚಾಚಿದರು. ಹೆಂಡತಿ ಮಗನನ್ನು ಕಿತ್ತುಕೊಂಡವಳಂತೆ ತಬ್ಬಿ ಪಕ್ಕಕ್ಕೆ ಸರಿದಳು.

ಅವಳು ಊರಿಗೆ ಹೋಗಲಿಲ್ಲ. "ನಿಮ್ಮನ್ನ ಬಿಟ್ಟು ಈ ಊರಲ್ಲಿ ಇನ್ಯಾರನ್ನೂ ನಂಬಲ್ಲ ನಾನು" ಎಂದಳು. ಮಗನನ್ನು ಕಾಕುವಿನ ಹೊಸ್ತಿಲಿಗೆ ಕಳಿಸುವುದು ಅಂದಿಗೇ ನಿಂತಿತು. ಸುದ್ದಿ ಮನೆಯಿಂದ ಮನೆಗೆ ಹೋಯಿತು. ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಮಕ್ಕಳನ್ನು ಕಳಿಸುವುದನ್ನು ಬಿಟ್ಟರು. ಕಾಕು ಎಂದಿನಂತೆ ಮೊರ ಹಿಡಿದು ಬಾಗಿಲಲ್ಲಿ ಕೂತಿರುತ್ತಿದ್ದರು, ಸುತ್ತ ಯಾರೂ ಇರುತ್ತಿರಲಿಲ್ಲ. ಅವರು ಪರಿಚಯಿಸಿದ ಆ ಐದಾರು ಮನೆಗಳೇ ನಿಧಾನವಾಗಿ ನಮಗೆ ಮುಂಬಯಿಯಾದವು. ಹೆಂಡತಿ ರೊಟ್ಟಿ ಕಲಿತಳು, ಮರಾಠಿ ಕಲಿತಳು, ಗೆಳತಿಯರನ್ನು ಕಂಡುಕೊಂಡಳು. ಪಕ್ಕದ ಮನೆಯೊಂದು ಹೊರಗುಳಿಯಿತು.

ಒಮ್ಮೆ ಮೆಟ್ಟಿಲಲ್ಲಿ ಕಾಕು ಒಬ್ಬರೇ ಸಿಕ್ಕರು. "ಕಾಕು, ಅವತ್ತು ನಾನು ನಿಜವಾಗಿ ನಿಮ್ಮ ಕೈಗೆ ಕೊಟ್ಟಿದ್ದೆನಾ?" ಎಂದೆ.

"ಕೊಟ್ಟೆ ಅಂದಾಂವ ನೀನ, ಹೌದು ಅಂದಾಕಿ ನಾನ. ಇನ್ನೇನ್ ಪರೀಕ್ಷಾ ಮಾಡ್ತಿ? ಹೆಣ್ಮಗಳು ಊರಿಗೆ ಹೋಗದ ನಿಂತಾಳ ಇಲ್ಲೋ? ಸರಿ ಅತ್ಲಾಗ, ಒಲಿ ಮ್ಯಾಲ ಹಾಲೈತಿ."

ಅವರು ಹೀಗೆಯೇ ಅಂದರೋ, ನನಗೆ ಬೇಕಾದಂತೆ ನಾನೇ ಆಮೇಲೆ ಜೋಡಿಸಿಕೊಂಡೆನೋ. ನನ್ನ ತಲೆಯಲ್ಲಿರುವ ಚಿತ್ರವಂತೂ ಸ್ಪಷ್ಟ: ಕುರ್ಲಾದ ಗದ್ದಲ, ಡಬ್ಬಿಯ ಬಾಗಿಲು, ಹಸಿರು ಬಳೆಗಳ ಕೈ ಮಗನ ಕಂಕುಳಿಗೆ ಬರುವುದು. ಆದರೆ ಅದು ಆ ಭಾನುವಾರದ್ದೇ ಎಂದು ಹೇಗೆ ಹೇಳಲಿ? ಹಿಂದಿನ ಯಾವ ಭಾನುವಾರದ್ದಾದರೂ ಆಗಬಹುದು. ಇನ್ನೊಂದು ಚಿತ್ರವೂ ಇದೆ, ಮಸುಕಾಗಿ: ಯಾರೋ "ಬಚ್ಚೇ ಕೋ ಇಧರ್ ಬಿಠಾವ್" ಎಂದು ಸರಿದು ಜಾಗ ಕೊಡುವುದು. ಅದನ್ನು ನಾನು ಹತ್ತಿರ ಬರಗೊಡುತ್ತಿರಲಿಲ್ಲ. ಸ್ಟೇಷನ್ನು ಹತ್ತು ನಿಮಿಷದ ದಾರಿ. ಹಾಲನ್ನು ಪರೀಕ್ಷೆ ಮಾಡದೆ ಕುಡಿಯದ ನಾನು ಮೂರು ವರ್ಷ ಅಲ್ಲಿಗೆ ಹೋಗಿ, ಮಗು ಸಿಕ್ಕಿದ್ದು ಯಾವ ಡಬ್ಬಿಯಲ್ಲಿ ಎಂದು ಕೇಳಲಿಲ್ಲ.

ಅದಾದ ಮೂರನೆಯ ಮಳೆಗಾಲದಲ್ಲಿ ಕಾಕುವಿಗೆ ಕಾಮಾಲೆಯಾಯಿತು. ಆಸ್ಪತ್ರೆಯಿಂದ ಅವರು ಹೊಳ್ಳಿ ಬಂದದ್ದು ಹೆಣವಾಗಿ. ಹೆಂಡತಿ ಬಂದಳು, ಗೋಡೆಗೆ ಒತ್ತಿ ನಿಂತಳು, ಅತ್ತಳು ಕೂಡ. ಆದರೆ ಅಷ್ಟು ಹೊತ್ತೂ ಮಗನ ಕೈ ಬಿಡಲಿಲ್ಲ. ನಾನು ಹೇಳಬೇಕಾದ ಮಾತನ್ನು ಇವತ್ತಿಗೂ ಅವಳಿಗೆ ಬಾಯಿಬಿಟ್ಟು ಹೇಳಲಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಚ್ಚಾದ ಮೇಲೆ ಓದುತ್ತಾಳೆ.

ಕಾಕು ತೀರಿಕೊಂಡ ವಾರ ಸ್ಟೇಷನ್ನಿಗೆ ಹೋದೆ. ಮಾಸ್ತರರು ಬೇರೆಯವರಾಗಿದ್ದರು. ನಾನು ಹೇಳಿದ ತಿಂಗಳಿನ ಹಳೆಯ ಪುಸ್ತಕ ತೆಗೆಸಿಕೊಟ್ಟರು. ಇಂಗ್ಲಿಷಿನಲ್ಲಿ ಎರಡು ಸಾಲು. ಗಂಡು ಮಗು, ವಯಸ್ಸು ಸುಮಾರು ಮೂರು, ಮಾನಖುರ್ದದಲ್ಲಿ ಗಂಡಸರ ಡಬ್ಬಿಯ ಕಿಟಕಿ ಪಕ್ಕದ ಸೀಟಿನಲ್ಲಿ ಸಿಕ್ಕಿತು, ತಂದೆಗೆ ಒಪ್ಪಿಸಲಾಯಿತು. ಅದರ ಕೆಳಗೆ ತಂದೆಯ ಸಹಿ. ಸಹಿ ಹಾಕಿದ್ದು ನನಗೆ ನೆನಪಿಲ್ಲ. ಅಕ್ಷರ ನನ್ನದೇ.