ಜೇನಿನವನು ಮೊದಲು, ಅಧ್ಯಕ್ಷ ಕೊನೆಗೆ

ಮುಂತಹಾ ಎಂಬವಳಿಗೆ ಮಗನಿಲ್ಲ. ಆದರೂ ಕಫರ್ ತೂತ್ ಊರು ಅವಳನ್ನು ಕರೆಯುವುದು ಇಲ್ಯಾಸನ ತಾಯಿ ಎಂದೇ. ಮಾವನ ಹೆಸರು ಇಲ್ಯಾಸ್. ಗಂಡು ಹುಟ್ಟಿದ್ದರೆ ಅದೇ ಹೆಸರಿಡುತ್ತಿದ್ದರು. ಹುಟ್ಟಲಿಲ್ಲ, ಆದರೆ ಅಂಥ ಸಣ್ಣ ಕಾರಣಕ್ಕೆ ಊರು ಮರ್ಯಾದೆ ಕೊಡುವುದನ್ನು ಬಿಟ್ಟೀತೇ? ಹುಟ್ಟಿದವಳು ನುಹಾ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ನುಹಾಳ ತಾಯಿ ಎಂದು ಇವಳನ್ನು ಯಾರೂ ಕರೆದಿಲ್ಲ.

ರಸ್ತೆಬದಿಯಲ್ಲಿ ಬೋರಲು ಹಾಕಿದ ಕಬ್ಬಿಣದ ಕಾವಲಿಯ ಮೇಲೆ ಮುಂತಹಾ ರೊಟ್ಟಿ ಸುಡುತ್ತಾಳೆ. ಬೆರಳ ತುದಿಗಳಿಗೆ ಬಿಸಿ ತಾಗುವುದು ಎಂದೋ ನಿಂತಿದೆ. ಮನಸ್ಸೂ ಹಾಗೇ. ಯುದ್ಧದಲ್ಲಿ ಎರಡು ಸಲ ಮನೆ ಬಿಟ್ಟು ಓಡಿದ್ದಾಯಿತು, ಆಮೇಲೆ ಗಂಡ ಮಿಲ್ಹಿಮನ ಮೂತ್ರಪಿಂಡ ಕೈಕೊಟ್ಟಿತು. ಅದಾದ ಮೇಲೆ ಅವಳು ಅತ್ತದ್ದನ್ನು ಯಾರೂ ಕಂಡಿಲ್ಲ.

ಊರ ಸಭೆಗೆ ಚುನಾವಣೆ ಬಂತು. ನುಹಾ ಅಧ್ಯಕ್ಷ ಗತ್ತಾಸನ ಎದುರು ಗುಂಪಿನಲ್ಲಿ ನಿಂತಳು. ಆ ಗುಂಪಿನಲ್ಲಿ ಸುನ್ನಿ ಹುಡುಗರಿದ್ದರು, ಒಬ್ಬ ಮಾರೋನಿ ಕ್ರೈಸ್ತ ನರ್ಸ್ ಇದ್ದಳು, ಅಲವಿ ಪಂಥದ ಗಾರೆಯವನೂ ಇದ್ದ. ಈ ಬೆರಕೆ ಕಂಡು ಊರು ಮೂಗು ಮುರಿಯಿತು.

"ಗಂಡ ಸಿಗ್ಲಿಲ್ಲ ಅಂತ ಕುರ್ಚಿ ಹುಡುಕ್ತಿದ್ದಾಳಾ ನಿಮ್ಮುಡುಗಿ?" ಎಂದಳು ರೊಟ್ಟಿಗೆ ಬಂದ ಹೆಂಗಸು.

"ಗಂಡನಿಗಿಂತ ಕುರ್ಚಿ ವಾಸಿ ಕಣಮ್ಮ, ಬಾಯಿ ಮಾಡಲ್ಲ. ಎಷ್ಟು ರೊಟ್ಟಿ ಬೇಕು?"

ಮರುದಿನ ಗತ್ತಾಸನ ಬಲಗೈ ಸಲ್ಲೂಮ್ ಬಂದ. ಕಾಫಿ ಕುಡಿದ, ಮಿಲ್ಹಿಮನ ಆರೋಗ್ಯ ವಿಚಾರಿಸಿದ, ಮಡಿಚಿದ ಚೀಟಿ ಇಟ್ಟ. ಆ ಊರಲ್ಲಿ ಮತಚೀಟಿಯನ್ನು ಮನೆಯಿಂದಲೇ ಬರೆದುಕೊಂಡು ಹೋಗುತ್ತಾರೆ. ಎಣಿಸುವಾಗ ಅದರಲ್ಲಿದ್ದ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಸಲ್ಲೂಮ್ ಒಂದೊಂದು ಮನೆಗೆ ಅವೇ ಹೆಸರುಗಳನ್ನು ಒಂದೊಂದು ಸರದಿಯಲ್ಲಿ ಬರೆದುಕೊಡುತ್ತಾನೆ. ಓದುವುದನ್ನು ಕೇಳಿದರೆ ಸಾಕು, ಯಾವ ಮನೆಯ ವೋಟು ಬಂತು, ಯಾವುದು ಬರಲಿಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ಗುಟ್ಟಿನ ಮತದಾನ ಅಂದರೆ ಇದು!

"ನಿಮ್ದರಲ್ಲಿ ಜೇನು ಸಾಕೋ ರಶೀದ್ ಮೊದಲು, ಕಮ್ಮಾರ ಆಮೇಲೆ, ಅಧ್ಯಕ್ಷರು ಕೊನೆಗೆ. ಇಲ್ಯಾಸನ ತಾಯಿ, ಪೇಟೆ ಆಸ್ಪತ್ರೆಲಿ ಡಯಾಲಿಸಿಸ್‌ಗೆ ಜಾಗ ಸಿಕ್ಕಿದ್ದು ಯಾರ ಮಾತಿಂದ ಅಂತ ನಾನು ಹೇಳ್ಬೇಕಾ? ಆ ಜಾಗಕ್ಕೆ ಕಾಯೋರು ಬೇಕಾದಷ್ಟು ಜನ ಇದ್ದಾರೆ."

"ಹೇಳ್ಬೇಡಪ್ಪ," ಎಂದಳು ಮುಂತಹಾ. ಚೀಟಿಯನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಸಂಜೆ ಕಾಫಿ ಕಾಸಲು ಡಬ್ಬಿ ಎತ್ತಿದ ನುಹಾ ಅದನ್ನು ಕಂಡಳು. ಬಿಡಿಸಿ ಓದಿ ಅಲ್ಲೇ ಇಟ್ಟಳು. ಕಾವಲಿ ಉಜ್ಜುತ್ತಿದ್ದ ತಾಯಿ ಅದನ್ನು ನೋಡಿದಳು.

ಮತದಾನದ ದಿನ ಮುಂತಹಾ ಸಲ್ಲೂಮನ ಚೀಟಿಯನ್ನು ರವಿಕೆಯಲ್ಲಿ ಸಿಕ್ಕಿಸಿಕೊಂಡು ಹೋದಳು. ಶಾಲೆಯ ಬಾಗಿಲಲ್ಲಿ ಗಾರೆಯವನು ಮಗಳ ಗುಂಪಿನ ಚೀಟಿ ಕೈಗಿತ್ತ. ಪರದೆಯ ಹಿಂದೆ ನಿಂತು ಅದನ್ನು ಬಿಡಿಸಿದಳು. ಹೆಸರುಗಳ ನಡುವೆ 'ನುಹಾ ಮಿಲ್ಹಿಮ್' ಎಂದಿತ್ತು. ಆ ಹೆಸರನ್ನು ಎಷ್ಟೋ ಹೊತ್ತು ನೋಡಿದಳು. ಧೈರ್ಯ ಬಂತು ಎಂದೇನೂ ಅಲ್ಲ, ಕೈ ಅದನ್ನೇ ಲಕೋಟೆಗೆ ತುರುಕಿತು, ಅಷ್ಟೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಬಂದ ಮೇಲೆ ಮಿಲ್ಹಿಮನ ನೆನಪಾಯಿತು.

ಸಂಜೆ ಎಣಿಕೆ. ಮಗಳು ಅಭ್ಯರ್ಥಿಗಳ ಬೆಂಚಿನಲ್ಲಿ, ತಾಯಿ ಬಾಗಿಲ ಬಳಿ, ಸಲ್ಲೂಮ್ ಕಣ್ಣು ಮುಚ್ಚಿ ಕಿವಿಯಾಗಿ ಕೂತಿದ್ದರು. ಹೆಂಗಸರ ಮತಪೆಟ್ಟಿಗೆ ಬರಿದಾಗುತ್ತಾ ಬಂತು, ರಶೀದನಿಂದ ಶುರುವಾಗುವ ಚೀಟಿ ಬಂದಿರಲಿಲ್ಲ. ಇನ್ನು ಗಂಡನ ಕಥೆ ಮುಗಿಯಿತು ಎಂದುಕೊಂಡಳು ಮುಂತಹಾ. ಬೇರೆ ಯಾರದೋ ಗಂಡನ ಸುದ್ದಿ ಕೇಳಿದಂತಿತ್ತು.

"ರಶೀದ್," ಎಂದು ಓದಿದ ಅಧಿಕಾರಿ. ಆಮೇಲೆ ಕಮ್ಮಾರ. ಕೊನೆಗೆ, "ಗತ್ತಾಸ್."

ಸಲ್ಲೂಮ್ ಕಣ್ಣು ತೆರೆದು ಅವಳತ್ತ ತಲೆಯಾಡಿಸಿದ. ಮುಂತಹಾ ರವಿಕೆಯನ್ನು ಮುಟ್ಟಿ ನೋಡಿಕೊಂಡಳು. ಚೀಟಿ ಅಲ್ಲೇ ಇತ್ತು.

ಗತ್ತಾಸನ ಗುಂಪು ಗೆದ್ದಿತು. ಹೊರಗೆ ಸಲ್ಲೂಮ್ ಎದುರಾದ. "ಉಪ್ಪಿನ ಋಣ ಮರೀಲಿಲ್ಲ ನೀವು. ಮಿಲ್ಹಿಮಣ್ಣನ ಜಾಗದ ಚಿಂತೆ ಬಿಡಿ."

ತಾಯಿ ಮಗಳಿಬ್ಬರೂ ಮನೆಯ ದಾರಿ ಹಿಡಿದರು. ಚರ್ಚು ದಾಟಿದ ಮೇಲೆ ತಾಯಿ ಕೇಳಿದಳು.

"ನಿನಗೆ ನೀನೇ ಹಾಕ್ಕೊಳ್ಲಿಲ್ವಾ?"

"ಇಲ್ಲ. ಡಬ್ಬಿ ಕೆಳಗಿದ್ದ ಹೆಸರುಗಳನ್ನೇ ಅದೇ ಸರದಿಲಿ ಬರ್ಕೊಂಡು ಹೋಗಿದ್ದೆ."

"ನಾನೂ ಅದನ್ನೇ ಹಾಕಿದ್ರೆ ಎರಡಾಗ್ತಿತ್ತಲ್ಲೇ."

"ಎರಡು ಬಂದ್ರೆ ಸಲ್ಲೂಮ್ ಬೇಡ ಅಂತಿದ್ನಾ?" ನುಹಾ ನಡೆಯುತ್ತಲೇ ಹೇಳಿದಳು. "ನೀನು ಹಾಕಲ್ಲ ಅಂತ ನಂಗೆ ಗೊತ್ತಿತ್ತಮ್ಮ."

ಮನೆಯಲ್ಲಿ ಮಿಲ್ಹಿಮ್ ಎಚ್ಚರವಾಗಿದ್ದ. "ನಮ್ಮುಡುಗಿಗೆ ಹಾಕಿದ್ರಿ ತಾನೆ ಇಬ್ರೂ?"

"ಹಾಕಿದ್ವಿ," ಎಂದಳು ನುಹಾ.

ಮುಂತಹಾ ಅಡುಗೆಮನೆಗೆ ಹೋಗಿ ಒಲೆ ಹೊತ್ತಿಸಿ ಸಲ್ಲೂಮನ ಚೀಟಿಯನ್ನು ಉರಿಗೆ ಹಿಡಿದಳು. ಅದು ತುದಿಯವರೆಗೂ ಉರಿದು ಬಂತು. ಬೆರಳು ಚುರುಕ್ ಎಂದಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.